ಯುದ್ಧದಲ್ಲಿ ಅಂಗವಿಕಲರಾದ ಸೈನಿಕರು ಮತ್ತು ಪುನರ್ವಸತಿ ಸಂಶೋಧನೆ: ಒಂದು ಐತಿಹಾಸಿಕ ನೋಟ

ಕನ್ನಡ ನಾಡಿನಲ್ಲಿ ದೊರೆತಿರುವ ವೀರಗಲ್ಲುಗಳು ಸಾವಿರಾರು. ಮಡಿದ ವೀರನು ಸ್ವರ್ಗಕ್ಕೇರಿದ ಬಗೆಯನ್ನು ಅವು ಹಂತಹಂತವಾಗಿ ಚಿತ್ರಿಸುತ್ತವೆ. ಆದರೆ ಅದೇ ಕಾಳಗದಲ್ಲಿ ಕಾಲನ್ನೋ ಕೈಯನ್ನೋ ಕಳೆದುಕೊಂಡು ಊರಿಗೆ ಮರಳಿ, ಮತ್ತೆ ಮೂವತ್ತು ನಲವತ್ತು ವರ್ಷ ಬಾಳಿದವನ ಬಗ್ಗೆ ಕಲ್ಲೂ ಕವಿಯೂ ಬಹುಮಟ್ಟಿಗೆ ಮೌನ. ಈ ಮೌನ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಗಾಯಗೊಂಡ ಸೈನಿಕನ ಉಳಿದ ಬಾಳು ವ್ಯವಸ್ಥಿತ ಅಧ್ಯಯನದ ವಸ್ತುವಾದದ್ದು ಬಹುಪಾಲು ಇಪ್ಪತ್ತನೆಯ ಶತಮಾನದಲ್ಲಿ.

ಮೊದಲನೆಯ ಮಹಾಯುದ್ಧದಲ್ಲಿ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರು ಕಡಲಾಚೆಗೆ ಹೋದರು. ಅಂಗಹೀನರಾಗಿ ಮರಳಿದವರಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರಿ ಹೆಸರಿನ ತಾಂತ್ರಿಕ ಶಾಲೆ ಆರಂಭವಾಯಿತು. ಅದು ಮುಂದೆ ಪುಣೆಯ ಬಳಿಯ ಖಡಕಿಗೆ ಸ್ಥಳಾಂತರಗೊಂಡಿತು. ಕಸುಬು ಕಲಿಸುವುದು ಅಲ್ಲಿನ ಗುರಿ. ದುಡಿದು ಉಣ್ಣುವ ಮಾನವನ್ನು ಮರಳಿ ಕೊಡುವ ಈ ಕಾರ್ಯ ಸಣ್ಣದೇನಲ್ಲ. ಆದರೆ ಗಾಯಗೊಂಡ ದೇಹವು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡಬೇಕಾಗುತ್ತದೆ ಎಂಬ ಪ್ರಶ್ನೆ ಸಂಶೋಧನೆಯ ಕೇಂದ್ರಕ್ಕೆ ಬರಲು ಇನ್ನೊಂದು ಮಹಾಯುದ್ಧವೇ ಬೇಕಾಯಿತು.

ಆ ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕನನ್ನು ವೈದ್ಯಲೋಕ ಸಾಯುವವನೆಂದೇ ಎಣಿಸುತ್ತಿತ್ತು. ಅವನನ್ನು ಕೊಲ್ಲುತ್ತಿದ್ದುದು ಗುಂಡೇಟಿಗಿಂತ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕು. ನಾಜಿಗಳ ಹಿಂಸೆಯಿಂದ ಪಾರಾಗಿ 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ನರತಜ್ಞ ಲುಡ್ವಿಗ್ ಗುಟ್‌ಮನ್, 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗದ ಹೊಣೆ ಹೊತ್ತರು. ಅವರ ಚಿಕಿತ್ಸೆಯ ಮೊದಲ ಸೂತ್ರ ಬೆರಗುಗೊಳಿಸುವಷ್ಟು ಸರಳ: ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು. ಮೂತ್ರಕೋಶದ ಶುಚಿತ್ವಕ್ಕೂ ಅಷ್ಟೇ ಕಟ್ಟುನಿಟ್ಟು. ಹೀಗೆ ಸಾವನ್ನು ತಡೆದ ಮೇಲೆ, ಬದುಕಿ ಉಳಿದವನು ಮುಂದೆ ಏನು ಮಾಡಬೇಕು ಎಂಬ ಪ್ರಶ್ನೆ ಎದುರಾಯಿತು. ಮರಗೆಲಸ, ಬೆರಳಚ್ಚು, ಬಿಲ್ಲುವಿದ್ಯೆ ಇವೆಲ್ಲ ಚಿಕಿತ್ಸೆಯ ಅಂಗಗಳಾದವು. ಬಿಲ್ಲು ಎಳೆಯುವಾಗ ತೋಳು ಮತ್ತು ಮೈಯ ಮೇಲ್ಭಾಗದ ಸ್ನಾಯುಗಳು ಬಲಗೊಳ್ಳುತ್ತವೆ; ಗಾಲಿಕುರ್ಚಿಯಲ್ಲಿ ಬಾಳಬೇಕಾದವನಿಗೆ ಅವೇ ಆಸರೆ. 1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ ಆ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಾಣ ಬಿಟ್ಟರು. 1952ರಲ್ಲಿ ಡಚ್ ಮಾಜಿ ಸೈನಿಕರು ಬಂದು ಸೇರಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಇರುವುದು ಇಲ್ಲಿಯೇ.

ಅಮೆರಿಕದ ಕಥೆ ಬೇರೆ ಬಗೆಯದು. ಅಲ್ಲಿ ಸಂಶೋಧನೆಗೆ ಚಾಲನೆ ಕೊಟ್ಟದ್ದು ಸೈನಿಕರ ಅತೃಪ್ತಿ. ತಮಗೆ ನೀಡಿದ ಕೃತಕ ಕಾಲುಗಳು ಕಳಪೆಯೆಂದು ಅವರು ದೂರಿದುದರ ಫಲವಾಗಿ 1945ರಲ್ಲಿ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ ತಜ್ಞರ ಸಮಿತಿ ರೂಪುಗೊಂಡಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೂಳೆತಜ್ಞ ವರ್ನ್ ಇನ್‌ಮನ್ ಮತ್ತು ಎಂಜಿನಿಯರ್ ಹೊವರ್ಡ್ ಎಬರ್‌ಹಾರ್ಟ್ ಮನುಷ್ಯನ ನಡಿಗೆಯನ್ನೇ ಅಳೆಯತೊಡಗಿದರು. ಎಬರ್‌ಹಾರ್ಟ್ ಸ್ವತಃ 1944ರಲ್ಲಿ ವಿಮಾನಪಥದ ಪರೀಕ್ಷೆಯೊಂದರಲ್ಲಿ ಕಾಲು ಕಳೆದುಕೊಂಡವರು. ಕೃತಕ ಕಾಲಿನ ನೋವು ಅವರಿಗೆ ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಇದೇ ಕೇಂದ್ರದಿಂದ 1950ರ ದಶಕದಲ್ಲಿ ‘ಸ್ಯಾಕ್’ ಪಾದ ಹೊರಬಂದಿತು. ಬಾಗದ ಕಣಕಾಲು, ಮೆತ್ತನೆಯ ಹಿಮ್ಮಡಿ ಇದರ ಲಕ್ಷಣ. ಅಗ್ಗ, ಗಟ್ಟಿಮುಟ್ಟು, ದುರಸ್ತಿಯ ಗೋಜು ಕಡಿಮೆ. ಹೀಗಾಗಿ ಇದು ಜಗತ್ತಿನಾದ್ಯಂತ ಹರಡಿತು.

ಆದರೆ ಆ ಪಾದವನ್ನು ರೂಪಿಸಿದವರ ಕಣ್ಣಮುಂದಿದ್ದುದು ಕುರ್ಚಿಯಲ್ಲಿ ಕೂರುವ, ಬೂಟು ತೊಡುವ ಮನುಷ್ಯ. ನಮ್ಮಲ್ಲಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂರಬೇಕು, ಗುಡಿಯ ಹೊಸ್ತಿಲಲ್ಲಿ ಪಾದರಕ್ಷೆ ಬಿಡಬೇಕು, ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ಇಳಿಯಬೇಕು. ಬಾಗದ ಕಣಕಾಲು ಇವುಗಳಲ್ಲಿ ಒಂದಕ್ಕೂ ಒಗ್ಗುವುದಿಲ್ಲ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಗೆದ್ದ ಪಾದವೊಂದು ಮನೆಯ ಜಗಲಿಯಲ್ಲಿ ಸೋತದ್ದು ಹೀಗೆ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಹ ಆಸ್ಪತ್ರೆಯ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ರಬ್ಬರು, ಮರಗಳಿಂದ ರಚಿಸಿದ ಪಾದ ಈ ಕೊರತೆಯನ್ನು ತುಂಬಿತು. 1981ರ ಮ್ಯಾಗ್ಸೆಸೆ ಪ್ರಶಸ್ತಿ ಸೇಠಿಯವರಿಗೆ ಸಂದಿತು; ಹೆಚ್ಚು ಓದಿರದ ಶರ್ಮರ ಹೆಸರಿಗೆ ಸಲ್ಲಬೇಕಾದಷ್ಟು ಮನ್ನಣೆ ದೊರೆಯಲಿಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಜೈಪುರ ಪಾದ ಸೈನಿಕರಿಗಾಗಿ ಹುಟ್ಟಿದ್ದಲ್ಲ ನಿಜ. ಆದರೆ ನೆಲಬಾಂಬುಗಳಿಂದ ಜರ್ಜರಿತವಾದ ಅಫಘಾನಿಸ್ತಾನದಂಥ ದೇಶಗಳಲ್ಲಿ ಅದು ಅಸಂಖ್ಯರನ್ನು ನಡೆಸಿತು.

ನಮ್ಮ ಸೇನೆಯ ಕೃತಕ ಅಂಗ ಕೇಂದ್ರ 1944ರಲ್ಲೇ ಪುಣೆಯಲ್ಲಿ ಸ್ಥಾಪಿತವಾಗಿತ್ತು. ಬೆನ್ನುಹುರಿಯ ಗಾಯಾಳುಗಳಿಗೆಂದೇ ಖಡಕಿಯಲ್ಲಿ ಪುನರ್ವಸತಿ ಕೇಂದ್ರ ತೆರೆದದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ಸೇನೆಯ ಇಎಂಇ ದಳದ ಮುರಳಿಕಾಂತ ಪೇಟ್ಕರ್ ಹೈಡಲ್‌ಬರ್ಗ್ ಕ್ರೀಡಾಕೂಟದಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದಿದ್ದರು. ಗಾಯಗೊಳ್ಳುವ ಮುನ್ನ ಅವರು ಕುಸ್ತಿ, ಮುಷ್ಟಿಯುದ್ಧಗಳ ಪಟು. ಈಜು ಅವರ ಪಾಲಿಗೆ ಚಿಕಿತ್ಸೆಯಾಗಿಯೇ ಬಂದದ್ದು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ಆದರೆ ಪದ್ಮಶ್ರೀ ಅವರನ್ನು ತಲುಪಿದ್ದು 2018ರಲ್ಲಿ, ಗೆದ್ದ 46 ವರ್ಷಗಳ ನಂತರ.

ಇಂದು ಬೆಂಗಳೂರಿನಲ್ಲಿಯೂ ರಕ್ಷಣಾ ಸಂಶೋಧನೆಯ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯವೊಂದಿದೆ. ಅಲ್ಲಿಂದಾಗಲಿ ಪುಣೆಯಿಂದಾಗಲಿ ಹೊರಡುವ ಹೊಸ ಕಾಲು, ಹೊಸ ಗಾಲಿಕುರ್ಚಿ ಕೊನೆಗೆ ತಲುಪುವುದು ಎತ್ತರದ ಹೊಸ್ತಿಲು, ಮೆಟ್ಟಿಲುಗಳುಳ್ಳ ಹಳ್ಳಿಯ ಮನೆಯೊಂದನ್ನು. ಬಾಗಿಲಿನ ಅಗಲವೆಷ್ಟು, ಬಚ್ಚಲು ಎಲ್ಲಿದೆ, ಬಸ್ಸಿನ ಮೆಟ್ಟಿಲು ನೆಲದಿಂದ ಎಷ್ಟು ಮೇಲಿದೆ ಎಂಬ ಲೆಕ್ಕಗಳೂ ಇನ್ನು ಸಂಶೋಧಕನ ಟಿಪ್ಪಣಿ ಪುಸ್ತಕದಲ್ಲಿ ಸೇರಬೇಕಾಗಿದೆ.