ರಾಯಚೂರು ದೋಆಬಿನ ಬಂಡೆಚಿತ್ರಗಳಲ್ಲಿ ಚಲನೆಯ ನಿರೂಪಣೆ

ಕೃಷ್ಣಾ-ತುಂಗಭದ್ರಾ ನದಿಗಳ ನಡುವಿನ ಲಿಂಗಸುಗೂರು, ಮಸ್ಕಿ, ಸಿಂಧನೂರು ಪರಿಸರವು ಇತಿಹಾಸಕಾರರಿಗೆ ಮುಖ್ಯವಾಗಿ ಅಶೋಕನ ಶಾಸನದಿಂದ ಪರಿಚಿತವಾಗಿದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಬೆಳಕಿಗೆ ತಂದರು. ಆದರೆ ಲಿಪಿ ಬರುವ ಮೊದಲೇ ಈ ಸೀಮೆಯ ಜನರು ಬಂಡೆಗಳ ಮೇಲೆ ತಮ್ಮ ಬದುಕನ್ನು ಚಿತ್ರಿಸಿದ್ದರು ಎಂಬುದು ಅಷ್ಟಾಗಿ ಗಮನ ಸೆಳೆದಿಲ್ಲ.

ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್, 1960ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಲ್ಲಿನ ಚಿತ್ರಗಳನ್ನೂ ವಿವೇಚಿಸಿದ್ದಾರೆ. ಇವುಗಳಲ್ಲಿ ಎರಡು ವಿಧಗಳಿವೆ: ಬಂಡೆಯ ಕಪ್ಪುಗಟ್ಟಿದ ಮೈಯನ್ನು ಕಲ್ಲಿನಿಂದ ಕುಟ್ಟಿ ಒಳಗಿನ ತಿಳಿಬಣ್ಣ ಕಾಣುವಂತೆ ಮಾಡಿದವು, ಕಲ್ಲಾಸರೆಗಳಲ್ಲಿ ವರ್ಣದಿಂದ ಬರೆದವು.

ಕುಟ್ಟುಚಿತ್ರಗಳಲ್ಲಿ ಡುಬ್ಬದ ಎತ್ತುಗಳೇ ಪ್ರಧಾನ. ಈ ಪ್ರದೇಶದ ಇಂಥ ಚಿತ್ರಗಳಲ್ಲಿ ಎತ್ತಿನ ದೇಹವನ್ನು ಪಕ್ಕದಿಂದ ಕಂಡಂತೆಯೂ ನೀಳ ಕೊಂಬುಗಳನ್ನು ಎದುರಿನಿಂದ ಕಂಡಂತೆಯೂ ತೋರಿಸಿರುವುದುಂಟು. ಒಂದೇ ಆಕೃತಿಯಲ್ಲಿ ಎರಡು ನೋಟಗಳು ಕೂಡಿವೆ. ಇದು ಕೈಯ ಅನನುಭವವಲ್ಲ. ದಿನವೂ ದನಗಳೊಡನೆ ಬಾಳಿದ ನವಶಿಲಾಯುಗದ ಪಶುಪಾಲಕರ ತಿಳಿವು. ಕುದುರೆ ಸವಾರರ ಚಿತ್ರಗಳ ಧೋರಣೆ ಬೇರೆ. ಅಲ್ಲಿ ಎದ್ದು ಕಾಣುವುದು ಪ್ರಾಣಿಯ ರೂಪಕ್ಕಿಂತ ಸವಾರನ ಕ್ರಿಯೆ ಮತ್ತು ವೇಗ. ಇವನ್ನು ವಿದ್ವಾಂಸರು ಸಾಮಾನ್ಯವಾಗಿ ಕಬ್ಬಿಣಯುಗಕ್ಕೆ ಅಥವಾ ಅನಂತರದ ಕಾಲಕ್ಕೆ ಸೇರಿಸುತ್ತಾರೆ.

ಆದರೂ ಚಲನೆ ಹೆಚ್ಚಿದಷ್ಟೂ ಚಿತ್ರ ಈಚಿನದು ಎಂದು ಸೂತ್ರ ಕಟ್ಟುವುದು ಸರಿಯಲ್ಲ. ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ನಡೆಸಿದ ಉತ್ಖನನವು ನವಶಿಲಾ-ತಾಮ್ರಯುಗ, ಬೃಹತ್ ಶಿಲಾಯುಗ ಹಾಗೂ ಆದಿ ಐತಿಹಾಸಿಕ ಕಾಲದ ಸ್ತರಗಳನ್ನು ಒಂದೇ ನೆಲೆಯಲ್ಲಿ ತೋರಿಸಿದೆ. ಇಂಥ ಸೀಮೆಯಲ್ಲಿ ಪೂರ್ವಿಕರು ಬಿಡಿಸಿದ ಬಂಡೆಯ ಮೇಲೆಯೇ ಮುಂದಿನವರೂ ಬಿಡಿಸಿರುವ ಸಾಧ್ಯತೆಯಿದೆ. ಹೀಗಾಗಿ ಶೈಲಿಯೊಂದನ್ನೇ ನೆಚ್ಚದೆ ಯಾವ ಗೆರೆಯ ಮೇಲೆ ಯಾವ ಗೆರೆ ಬಂದಿದೆ, ಕುಟ್ಟಿದ ಭಾಗ ಎಷ್ಟು ಮತ್ತೆ ಕಪ್ಪಾಗಿದೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

ಈ ಸಾಕ್ಷ್ಯಗಳು ಬಂಡೆಯ ಮೈಮೇಲಷ್ಟೇ ಇವೆ. ನೆರೆಯ ಬಳ್ಳಾರಿ ಜಿಲ್ಲೆಯ ಕುಪ್ಪಗಲ್ಲಿನ ಬಂಡೆಚಿತ್ರಗಳಿಗೆ ಕಲ್ಲುಗಣಿಗಾರಿಕೆಯಿಂದ ಒದಗಿದ ಹಾನಿ ಇಲ್ಲಿಗೂ ಎಚ್ಚರಿಕೆ. ಬಂಡೆ ಒಡೆದರೆ ಚಿತ್ರದ ಜೊತೆಗೆ ಚಿತ್ರಗಳ ಕಾಲಕ್ರಮವೂ ಅಳಿಯುತ್ತದೆ. ಶಾಸನದ ಅಕ್ಷರಗಳು ಪಡಿಯಚ್ಚಿನಲ್ಲಿ ಉಳಿದಾವು. ಒಂದರ ಮೇಲೊಂದು ಬಂದ ಗೆರೆಗಳ ಕ್ರಮವನ್ನು ಮತ್ತೊಮ್ಮೆ ಪರೀಕ್ಷಿಸಲು ಮೂಲ ಬಂಡೆಯೇ ಬೇಕು. ಆದ್ದರಿಂದ ಈ ತಾಲ್ಲೂಕುಗಳ ಬಂಡೆಚಿತ್ರಗಳ ಗ್ರಾಮವಾರು ದಾಖಲಾತಿ ಪ್ರಾದೇಶಿಕ ಇತಿಹಾಸ ರಚನೆಯ ಮೊದಲ ಅಗತ್ಯವಾಗಿದೆ.