ಶಸ್ತ್ರವೈದ್ಯರ ಶ್ರಮಕ್ಕೆ ನ್ಯಾಯದ ಅಳತೆ

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದು. ಕೊಡುವಾಗ ಕಡಿಮೆ ಅಳತೆಯನ್ನೂ ಕೊಳ್ಳುವಾಗ ಹೆಚ್ಚಿನ ಅಳತೆಯನ್ನೂ ಬಳಸುವುದೇ ಈ ದೋಷ. ಧಾನ್ಯ, ಬಂಗಾರಗಳಿಗೆ ಸಲ್ಲುವ ಈ ನಿಯಮವು ವಿದ್ಯೆ ಮತ್ತು ಶ್ರಮಗಳ ಬೆಲೆಗೂ ಸಲ್ಲಬೇಕಲ್ಲವೇ? ಕೋಲಾರ ಚಿನ್ನದ ಗಣಿಯ ಇತಿಹಾಸವು ಈ ವಿಚಾರಕ್ಕೆ ದಾರಿ ತೋರುತ್ತದೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡಿತು. ಚಾಂಪಿಯನ್ ರೀಫ್ ಗಣಿಯು ಕಾಲಕ್ರಮದಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಬಂಡೆಯ ಸಿಡಿತಕ್ಕೆ ಸಿಕ್ಕಿ ಕೈಕಾಲು ಮುರಿದುಕೊಂಡ ಕಾರ್ಮಿಕರಿಗೆ ಗಣಿ ಆಸ್ಪತ್ರೆಯೇ ಆಸರೆಯಾಗಿತ್ತು. ಅಲ್ಲಿನ ವೈದ್ಯರು ಸಂಬಳದ ನೌಕರರು. ಸರಳ ಚಿಕಿತ್ಸೆಗೂ ಕಠಿಣ ಶಸ್ತ್ರಕ್ರಿಯೆಗೂ ಬೇರೆಬೇರೆ ಬೆಲೆಯಿಲ್ಲದ್ದರಿಂದ ಲಾಭ ನೋಡಿ ರೋಗಿಯನ್ನು ಆರಿಸಿಕೊಳ್ಳುವ ಪ್ರಸಂಗವೇ ಇರಲಿಲ್ಲ. ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಮನ್ನಣೆಯೂ ಇರಲಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಈ ಏರ್ಪಾಡಿಗೂ ತೆರೆ ಬಿದ್ದಿತು. ಮಂಡಿ ಸವೆದ ವೃದ್ಧರು ಈಗ ಬಂಗಾರಪೇಟೆಯ ಮಾರ್ಗವಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗುವುದುಂಟು.

2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ಸರಾಸರಿ 1,58,324 ರೂಪಾಯಿಗಳಿಂದ 54,720ಕ್ಕೆ ಇಳಿಯಿತು. ಹಿಂದೆ ಅಳವಡಿಸಿದ ಮಂಡಿ ಕೆಟ್ಟಾಗ ಮಾಡುವ ಮರುಜೋಡಣೆಯ ಸಾಧನಕ್ಕೆ 1,13,950 ರೂಪಾಯಿಗಳು ಗೊತ್ತಾದವು, ತೆರಿಗೆ ಬೇರೆ. ಎಂದರೆ, ಕಠಿಣ ಕಾರ್ಯದ ಲೋಹಕ್ಕೆ ಇಮ್ಮಡಿ ಬೆಲೆಯನ್ನು ಸರ್ಕಾರವೇ ಒಪ್ಪಿತು. ಆ ಲೋಹವನ್ನು ಜೋಡಿಸುವ ಕೈಗೆ ಎಷ್ಟು ಸಲ್ಲಬೇಕೆಂಬುದನ್ನು ಆ ಆದೇಶ ಹೇಳಲಿಲ್ಲ. ಸರ್ಕಾರಿ ಆರೋಗ್ಯ ಯೋಜನೆಗಳಲ್ಲಿ ಹಾಸಿಗೆ, ಔಷಧ, ವೈದ್ಯರ ಶ್ರಮ ಎಲ್ಲವೂ ಸಾಮಾನ್ಯವಾಗಿ ಒಂದೇ ಮೊತ್ತದಲ್ಲಿ ಅಡಗಿರುತ್ತವೆ.

ಮರುಜೋಡಣೆಯಲ್ಲಿ ಹಳೆಯ ಸಾಧನವನ್ನು ಬಿಡಿಸಬೇಕು, ನಷ್ಟವಾದ ಮೂಳೆಯನ್ನು ತುಂಬಬೇಕು, ಸೋಂಕನ್ನು ನಿವಾರಿಸಬೇಕು. ಶ್ರಮವೂ ಅಪಾಯವೂ ಹೆಚ್ಚು. ಇದಕ್ಕೂ ಸರಳ ಶಸ್ತ್ರಕ್ರಿಯೆಯ ಪ್ರತಿಫಲವನ್ನೇ ಕೊಟ್ಟರೆ ವೈದ್ಯರು ಕಠಿಣ ರೋಗಿಯಿಂದ ದೂರ ಸರಿಯುವ ಸಂಭವವಿದೆ. ಕೊನೆಗೆ ನೋಯುವವನು ಬಡವನೇ. ಹೆಚ್ಚು ಕೊಟ್ಟರೆ ಸರಳವಾದುದನ್ನೂ ಕಠಿಣವೆಂದು ಬರೆಯುವ ಲೋಭ ಹುಟ್ಟೀತು. ಆದ್ದರಿಂದ ಕಾಠಿನ್ಯವನ್ನು ಶಸ್ತ್ರಕ್ರಿಯೆಗೆ ಮೊದಲೇ ಬೇರೊಬ್ಬ ವೈದ್ಯರು ಪರಿಶೀಲಿಸಿ ದಾಖಲಿಸಬೇಕು. ಸಾಧನದ ಬೆಲೆಯಂತೆ ವೈದ್ಯರ ಪ್ರತಿಫಲವನ್ನೂ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಕಾಣಿಸಬೇಕು.

ಔಷಧದಾನವು ಶ್ರಾವಕರ ಚತುರ್ವಿಧ ದಾನಗಳಲ್ಲಿ ಒಂದು. ಆದರೆ ದಾನದ ಹೆಸರಿನಲ್ಲಿ ವೈದ್ಯರ ನ್ಯಾಯವಾದ ಪ್ರತಿಫಲವನ್ನು ಕಡಿತಗೊಳಿಸುವುದು ದಾನವಲ್ಲ. ರೋಗಿಯ ಅಸಹಾಯಕತೆಯನ್ನು ಕಂಡು ಬೆಲೆ ಏರಿಸುವುದು ವಿದ್ಯೆಗೆ ಗೌರವವೂ ಅಲ್ಲ. ಬಡವರ ವೆಚ್ಚವನ್ನು ಸಮಾಜ ಹೊರಲಿ; ಅಳತೆ ಮಾತ್ರ ಎರಡು ಕಡೆಗೂ ಸರಿಯಾಗಿರಲಿ.