ಮಕ್ಕೊ ಒರಗುವ ಕೋಣೆಯ ಕಸ್ತಲೆ

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಹೊಡೆಲಿ ಈಗ ಪರದೆ ಮಾರುವ ಅಂಗಡಿಗೆ ಹೋದರೆ ‘ಬ್ಲ್ಯಾಕ್‌ಔಟ್’ ಹೇಳಿ ಒಂದು ದಪ್ಪದ ವಸ್ತ್ರ ತೋರ್ಸುತ್ತವು. ಮಕ್ಕಳ ಕೋಣೆಗೆ ಇದೇ ಒಳ್ಳೆದು, ಮಧ್ಯಾಹ್ನವೂ ಇರುಳಿನ ಹಾಂಗೆ ಕಸ್ತಲೆ ಆವುತ್ತು ಹೇಳ್ತವು. ನಮ್ಮ ಅಜ್ಜಿಯಕ್ಕೊ ಕೇಳಿದ್ದರೆ ನೆಗೆ ಮಾಡುಗು. ಅವರ ಕಾಲಲ್ಲಿ ಬೆಣಚ್ಚಿಂಗೆ ಪೈಸೆ ಕೊಡೆಕ್ಕಾಗಿತ್ತು, ಕಸ್ತಲೆ ಧರ್ಮಕ್ಕೆ ಸಿಕ್ಕಿಗೊಂಡಿತ್ತು. ಈಗ ಕಸ್ತಲೆಗೇ ಪೈಸೆ ಕೊಡುವ ಹಾಂಗೆ ಆತು. ರಜೆಲಿ ಪುಳ್ಯಕ್ಕೊ ಮನೆಗೆ ಬಂದು, ಸೆಕೆಗೆ ಒರಕ್ಕಿಲ್ಲದ್ದೆ ಹಟ ಮಾಡುದರ ನೋಡುವ ನವಗೆ ಇದು ಹೇಂಗಾತು ಹೇಳಿ ಗೊಂತಿದ್ದರೆ ಒಳ್ಳೆದು.

ಮದಲಿಂಗೆ ನಮ್ಮ ಊರಿಲಿ ಇದ್ದದು ಮುಳಿ ಮಾಡಿನ ಮನೆ. ತೋಟ ಇಪ್ಪವು ಅಡಕ್ಕೆ ಸೋಗೆಯನ್ನೂ ಹಾಕುಗು. ಗೋಡೆ ಮಣ್ಣಿಂದು. ವರ್ಷಕ್ಕೆ 4000 ಮಿಲಿಮೀಟರಿನ ಹತ್ರೆ ಮಳೆ ಬಪ್ಪ ಊರಿಲಿ ಮಣ್ಣ ಗೋಡೆಗೆ ಆಟಿಯ ಎರಚಲು ಬಡುದರೆ ಗೋಡೆ ಕರಗಿ ಹೋಕು. ಹಾಂಗಾಗಿ ಮಾಡಿನ ಜಗಲಿಂದಲೂ ಮುಂದೆ ತಂದು, ತಲೆ ಬಗ್ಗುಸಿ ಒಳ ಹೋಪಷ್ಟು ತಗ್ಗಕ್ಕೆ ಇಳುಶುಗು. ಕಿಟಿಕಿ ಹೇಳಿರೆ ಒಂದು ಸಣ್ಣ ಕಂಡಿ. ಬೆಶಿಲು ಗೋಡೆಯ ಮುಟ್ಟುವ ಮದಲೇ ಮಾಡಿನ ನೆರಳಿಲಿ ನಿಂದುಗೊಂಡಿತ್ತು. ಆಟಿಯ ಮಳೆಗೆ ಬೇಕಾಗಿ ಮಾಡಿದ ಈ ಏರ್ಪಾಡು ಪಗ್ಗು, ಬೇಶದ ಸೆಕೆಗೂ ಉಪಕಾರಕ್ಕೆ ಬಂತು. ಕಸ್ತಲೆಯೂ ತಂಪುದೆ ಒಟ್ಟಿಂಗೇ ಸಿಕ್ಕಿತ್ತು.

ಇದೇ ಲೆಕ್ಕಾಚಾರವ ಕಲ್ಲಿಲಿ ನೋಡೆಕ್ಕಾದರೆ ಮೂಡಬಿದ್ರೆಯ ಸಾವಿರ ಕಂಬದ ಬಸದಿಗೆ ಹೋಯೆಕ್ಕು. 1430ರಲ್ಲಿ ಕಟ್ಟಿದ್ದು. ದೇವಸ್ಥಾನ ಆದರೂ ಮಾಡು ನಮ್ಮ ಮನೆಗಳ ಹಾಂಗೆ ಓರೆ, ಮಳೆ ನೀರು ಜಾರಿ ಹೋಪ ಹಾಂಗೆ ಇದ್ದು. ಮೇ ತಿಂಗಳ ಬೆಶಿಲಿಂದ ಒಳ ಹೋದರೆ ರಜ ಹೊತ್ತು ಎಂತದೂ ಕಾಣ್ತಿಲ್ಲೆ, ಕಾಲಡಿ ತಣ್ಣಂಗೆ ಆವುತ್ತು. ಆದರೆ ಕಂಬಂಗಳ ಎಡೆಲಿ ಗಾಳಿ ಬತ್ತಾ ಇರ್ತು. ಬೆಣಚ್ಚಿನ ತಡದು ಗಾಳಿಯ ಬಿಡುದು, ಇದುವೇ ನಮ್ಮ ಕರಾವಳಿಯ ಹಳೆ ಕಟ್ಟೋಣದ ಗುಟ್ಟು.

ಆ ಮನೆಗಳಲ್ಲಿ ಮಕ್ಕಳ ಕೋಣೆ ಹೇಳಿ ಒಂದು ಇತ್ತಿಲ್ಲೆ. ಅಜ್ಜಿಯ ಹತ್ರೆ ಸಾಲಿಂಗೆ ಹಸೆ ಹಾಕಿ ಎಲ್ಲಾ ಮಕ್ಕಳೂ ಒರಗುಗು. ಹಾಲು ಕುಡಿವ ಬಾಬೆಗೆ ಹಳೆ ನೂಲಿನ ಸೀರೆಯ ಜೋಲಿ. ಅದರೊಳದಿಕ್ಕೆ ಹಗಲಿಂಗೂ ಮಸುಕು ಬೆಣಚ್ಚು, ನೂಲಿನ ವಸ್ತ್ರ ಆದ ಕಾರಣ ಗಾಳಿಯೂ ಆಡುಗು. ಹೊತ್ತೋಪಗ ಹೊನ್ನೆ ಎಣ್ಣೆಯ ದೀಪ, ಮತ್ತೆ ಚಿಮಿಣಿ ಎಣ್ಣೆ ಬಂದಪ್ಪಗ ಲಾಟಾನು. ಎಣ್ಣೆ ಮುಗಿಗು ಹೇಳಿ ಊಟ ಆದ ಕೂಡ್ಲೇ ದೀಪ ತಗ್ಗುಸುಗು. ಮಕ್ಕೊಗೆ ‘ಒರಗು’ ಹೇಳಿ ಬೈಯೆಕ್ಕು ಹೇಳಿಯೇ ಇತ್ತಿಲ್ಲೆ.

ಹಾಂಗೆ ಹೇಳಿ ಆ ಕಸ್ತಲೆಯ ಹೊಗಳಿಗೊಂಡು ಕೂಪಲೂ ಆಗ. ಬಾಳಂತಿಯ ಮನುಶುದು ಮನೆಯ ಕಸ್ತಲೆಯ ಕೋಣೆಲಿ. ಅಡಿಗೆ ಕೋಣೆಲಿ ಹೊಗೆ ತುಂಬಿ ಹೆಮ್ಮಕ್ಕಳ ಕಣ್ಣು ಹಾಳಾಗಿಗೊಂಡಿತ್ತು. ಮೂಲೆಲಿ ಚೇಳು ಇದ್ದರೂ ಕಾಣ. ಬೆಣಚ್ಚು ಬೇಕು ಹೇಳಿ ಹೆಮ್ಮಕ್ಕೊ ಆಶೆಪಟ್ಟದು ಸುಮ್ಮನೆ ಅಲ್ಲ.

ಬದಲಾವಣೆ ಸುರುವಾದ್ದು ಹಂಚಿಂದ. ಬಾಸೆಲ್ ಮಿಶನಿನವು ಮಂಗಳೂರಿಂಗೆ ಬಂದದು 1834ರಲ್ಲಿ. ಅವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೇಳ್ತವು 1865ರಲ್ಲಿ ನೇತ್ರಾವತಿ ಹೊಳೆಯ ಕರೆಲಿ, ಜೆಪ್ಪುವಿಲಿ ಹಂಚಿನ ಕಾರ್ಖಾನೆ ಸುರು ಮಾಡಿದವು. ಹಂಚು ಬಂದ ಮತ್ತೆ ವರ್ಷ ವರ್ಷ ಮುಳಿ ಹೊದೆಶುವ ಕೆಲಸ ತಪ್ಪಿತ್ತು, ಕಿಚ್ಚಿನ ಹೆದರಿಕೆ ಕಮ್ಮಿ ಆತು. ಗೋಡೆ ಎತ್ತರ ಆತು, ಕಿಟಿಕಿ ದೊಡ್ಡ ಆತು. ಕಸ್ತಲೆ ಹೆಚ್ಚಿದ್ದ ಕೋಣೆಗೆ ಮಾಡಿನ ನೆಡುಕೆ ಒಂದು ಕನ್ನಾಟಿ ಹಂಚು ಮಡುಗಿರೆ ಸಾಕು, ಹಗಲಿಡೀ ಬೆಣಚ್ಚು.

ಹಾಂಗಿದ್ದರೂ ಹಂಚಿನ ಮನೆ ಕಟ್ಟಿದವು ಹಳೆ ಬುದ್ಧಿಯ ಬಿಟ್ಟಿದವಿಲ್ಲೆ. ಆ ಕಾಲದ ಕಿಟಿಕಿಯ ನೆಂಪು ಮಾಡಿ. ಮರದ ದಳಿ, ಅದಕ್ಕೆ ಹಲಗೆಯ ನಾಲ್ಕು ಬಾಗಿಲು, ಮೇಗೆ ಎರಡು, ಕೆಳ ಎರಡು. ಮಧ್ಯಾಹ್ನ ಮಕ್ಕೊ ಒರಗುವಗ ಮೇಗಾಣ ಎರಡರ ಹಾಕಿ ಕೆಳಾಣ ಎರಡರ ತೆಗದು ಮಡುಗುಗು. ಬೆಣಚ್ಚು ಮೋರೆಗೆ ಬೀಳ, ಹಸೆಲಿ ಮನುಗಿದವಕ್ಕೆ ಗಾಳಿ ತಾಗುಗು. ಮಾಡಿನ ಅಡಿಲಿ ಮರದ ಮುಚ್ಚಿಗೆ. ಹಂಚಿನ ಬೆಶಿ ಮುಚ್ಚಿಗೆಯ ಮೇಗೆಯೇ ನಿಂದು, ಹಂಚಿನ ಸಂದಿಲಿ ಹೆರ ಹೋಕು. ಈ ಕಿಟಿಕಿ ಇನ್ನೂ ಇಪ್ಪ ಮನೆಗೊ ನಮ್ಮ ನೆಂಟರಲ್ಲೇ ಇದ್ದವು. ಅದರ ತೆಗದು ಕನ್ನಾಟಿ ಹಾಕುಸುವ ಮದಲು ಎರಡು ಸರ್ತಿ ಆಲೋಚನೆ ಮಾಡಿ.

ಕರೆಂಟು ನಮ್ಮ ಹಳ್ಳಿಗೊಕ್ಕೆ ಎತ್ತಿದ್ದು ತಡವಾಗಿ. ಶರಾವತಿ ವಿದ್ಯುದಾಗಾರ 1964ರಲ್ಲಿ ಸುರುವಾದರೂ, ಒಳಾಣ ಊರುಗಳ ಮನೆಮನೆಗೆ ಬಲ್ಬು ಬಪ್ಪಗ ಮತ್ತೆ ಸುಮಾರು ವರ್ಷ ಕಳುದತ್ತು. ಅದರ ಬೆನ್ನಿಂಗೇ ತಾರಸಿ ಮನೆಯೂ ಬಂತು. ತಾರಸಿ ಹಗಲಿಡೀ ಬೆಶಿಲು ಕುಡುದು ಇರುಳು ಕೋಣೆಗೆ ಬಿಡ್ತು. ಕಿಟಿಕಿಗೆ ಜಾರುವ ಅಲ್ಯುಮಿನಿಯಂ ಕನ್ನಾಟಿ. ಎಷ್ಟು ದೊಡ್ಡ ಕಿಟಿಕಿ ಆದರೂ ತೆಗವಲೆ ಎಡಿವದು ಅರ್ಧ ಮಾತ್ರ. ನುಸಿ ಬತ್ತು ಹೇಳಿ ಹೊತ್ತೋಪಗ ಅದನ್ನೂ ಹಾಕುತ್ತು. ಬೆಣಚ್ಚು ಪೂರ್ತಿ ಒಳ, ಗಾಳಿ ಪೂರ್ತಿ ಹೆರ. ಬಸದಿಯ ಲೆಕ್ಕಾಚಾರ ತಲೆಕೆಳ ಆತು.

ಇನ್ನು ಈ ಬ್ಲ್ಯಾಕ್‌ಔಟ್ ಪರದೆಯ ಕತೆ. ಹೆಸರು ಬಂದದು ಯುದ್ಧಂದ. 1939ರಲ್ಲಿ ಎರಡನೇ ಮಹಾಯುದ್ಧ ಸುರುವಪ್ಪಗ, ವೈರಿ ವಿಮಾನಕ್ಕೆ ಊರು ಕಾಂಬಲಾಗ ಹೇಳಿ ಇಂಗ್ಲೆಂಡಿಲಿ ಎಲ್ಲಾ ಮನೆಗಳ ಕಿಟಿಕಿಗೆ ಕಪ್ಪು ವಸ್ತ್ರ ಕಟ್ಟುಸಿದವು. ಅದು ಬೆಣಚ್ಚು ಹೆರ ಹೋಗದ್ದ ಹಾಂಗೆ ಕಟ್ಟಿದ್ದು. ಈಗ ಬೆಣಚ್ಚು ಒಳ ಬಾರದ್ದ ಹಾಂಗೆ ಕಟ್ಟುತ್ತವು. ಲಂಡನ್ನಿಲಿ ಜೂನ್ ತಿಂಗಳಿಲಿ ಹಗಲು ಹದಿನಾರೂವರೆ ಗಂಟೆ. ಅದರ ಮೇಗೆ 1916ರಿಂದ ಬೇಸಗೆಲಿ ಗಡಿಯಾರವ ಒಂದು ಗಂಟೆ ಮುಂದೆ ಮಡುಗುವ ಕ್ರಮ ಬೇರೆ. ಅಲ್ಲಿ ಮಕ್ಕಳ ಒರಗುಶುವ ಹೊತ್ತಿಂಗೆ ಬೆಶಿಲೇ ಇರ್ತು. ಅವಕ್ಕೆ ದಪ್ಪ ಪರದೆ ಬೇಕು. ಅಲ್ಲಿ ಸೆಕೆ ಕಮ್ಮಿ, ಕಿಟಿಕಿ ಮುಚ್ಚಿರೂ ತೊಂದರೆ ಇಲ್ಲೆ.

ನಮ್ಮದು ಹಾಂಗಲ್ಲ. ಇಲ್ಲಿ ವರ್ಷದ ದೊಡ್ಡ ಹಗಲಿಂಗೂ ಸಣ್ಣ ಹಗಲಿಂಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಮೇ ತಿಂಗಳಿಲಿ ಹೊತ್ತು ಮೂಡುದು ಆರು ಗಂಟೆ ಕಳುದು, ಕಂತುದು ಏಳಕ್ಕೆ ಹತ್ತು ನಿಮಿಷ ಇಪ್ಪಗ. ಅದರಲ್ಲಿಯೂ ಒಂದು ಸಂಗತಿ ಇದ್ದು. 1906ರಲ್ಲಿ ದೇಶಕ್ಕೆ ಒಂದು ಗಡಿಯಾರ ಹೇಳಿ ಸುರುವಾತು. ಅದರ ಲೆಕ್ಕ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು, ನಮ್ಮ ಊರು ಇಪ್ಪದು ಎಪ್ಪತ್ತೈದರ ಹತ್ರೆ. ಡಿಗ್ರಿಗೆ ನಾಲ್ಕು ನಿಮಿಷದ ಹಾಂಗೆ ನಮ್ಮ ಸೂರ್ಯ ಗಡಿಯಾರಂದ ಅರ್ಧ ಗಂಟೆ ಹಿಂದೆ. ಹಾಂಗಾಗಿ ಉದಿಯಪ್ಪಗಾಣ ಒರಕ್ಕಿಂಗೆ ಸೂರ್ಯನಿಂದ ದೊಡ್ಡ ಉಪದ್ರ ಇಲ್ಲೆ. ನಮ್ಮ ಮಕ್ಕಳ ಒರಕ್ಕು ಹಾಳಪ್ಪದು ಬೇರೆ ಎರಡು ಹೊತ್ತಿಲಿ. ಒಂದು, ಬಾಬೆಗೊ ಮಧ್ಯಾಹ್ನ ಒರಗುವಗ ಪಡುವಾಣ ಕಿಟಿಕಿಲಿ ಬಪ್ಪ ಬೆಶಿಲು. ಇನ್ನೊಂದು, ಇರುಳು ನಾವೇ ಹೊತ್ತುಸುವ ಬೆಣಚ್ಚು.

ಮಧ್ಯಾಹ್ನದ್ದಕ್ಕೆ ಒಳಾಣ ಪರದೆ ಅರ್ಧ ಮದ್ದು ಮಾತ್ರ. ಬೆಶಿಲು ಕನ್ನಾಟಿಯ ದಾಂಟಿ ಒಳ ಬಂದಾದ ಮತ್ತೆ ಪರದೆ ತಡದರೆ, ಕಸ್ತಲೆ ಆವುತ್ತು, ಬೆಶಿ ಕೋಣೆಲೇ ಒಳಿತ್ತು. ಗಾಳಿಯೂ ನಿಲ್ಲುತ್ತು. ಮಕ್ಕೊ ಬೆಗರಿ ಏಳ್ತವು, ನಾವು ‘ಇದಕ್ಕೆ ಒರಕ್ಕೇ ಇಲ್ಲೆ’ ಹೇಳಿ ಮಕ್ಕಳನ್ನೇ ದೂರುತ್ತು. ಬೆಶಿಲಿನ ತಡೆಯೆಕ್ಕಾದ್ದು ಕಿಟಿಕಿಯ ಹೆರ. ಹೆಣೆದ ಮಡಲು, ಬೆದುರಿನ ತಟ್ಟಿ, ಹಸಿರು ನೆಟ್, ಏವದೂ ಅಕ್ಕು. ಕಿಟಿಕಿಂದ ಒಂದು ಮೊಳ ದೂರ ಕಟ್ಟಿರೆ ಎಡೆಲಿ ಗಾಳಿ ಆಡ್ತು. ಪಡು ಹೊಡೆಲಿ ಬಸಳೆ ಚಪ್ಪರ ಹಾಕಿರೆ ಮೀವ ನೀರೇ ಸಾಕು, ನೆರಳೂ ಆತು, ಕೊದಿಲಿಂಗೂ ಆತು.

ಇರುಳಿಂದಕ್ಕೆ ಖರ್ಚೇ ಇಲ್ಲೆ. 2018ರಲ್ಲಿ ಅಮೇರಿಕದ ಕೊಲರಾಡೋ ವಿಶ್ವವಿದ್ಯಾಲಯದವು ಐದು ವರ್ಷಂದ ಸಣ್ಣ ಮಕ್ಕಳ ಒರಗುವ ಮದಲಾಣ ಒಂದು ಗಂಟೆ ಜೋರು ಬೆಣಚ್ಚಿಲಿ ಕೂರ್ಸಿ ನೋಡಿದವು. ಒರಕ್ಕು ಬರ್ಸುವ ಮೆಲಟೋನಿನ್ ಹೇಳುವ ರಸ ಮೈಲಿ ಇಳುದೇ ಹೋತು. ಬೆಣಚ್ಚು ನಂದ್ಸಿ 50 ನಿಮಿಷ ಕಳುದರೂ ಹೆಚ್ಚಿನ ಮಕ್ಕಳಲ್ಲಿ ಅರ್ಧದಷ್ಟುದೆ ವಾಪಾಸು ಬಯಿಂದಿಲ್ಲೆ. ಅಜ್ಜಿ ಲಾಟಾನು ತಗ್ಗುಸಿದ್ದು ಎಣ್ಣೆ ಒಳಿಶಲೆ ಆದರೂ ಕೆಲಸ ಸರಿಯಾದ್ದೇ ಮಾಡಿತ್ತು. ಊಟ ಆದಪ್ಪಗ ಟ್ಯೂಬ್‌ಲೈಟ್ ನಂದ್ಸಿ, ಮೊಬೈಲಿನ ಕೈಂದ ತೆಗದು, ಒಂದು ಸಣ್ಣ ಹಳದಿ ಬಲ್ಬು ಮಡುಗಿರೆ ಸಾಕು. ಮತ್ತೆ ಜಾಲಿಲಿ ಇರುಳಿಡೀ ಹೊತ್ತುವ ಎಲ್‌ಇಡಿ. ಅದು ನಮ್ಮ ಜಾಲಿಂಗೆ ಮಾತ್ರ ಬೀಳುದಲ್ಲ, ಆಚಮನೆಯ ಮಕ್ಕಳ ಕೋಣೆಗೂ ಬೀಳ್ತು. ಅದರ ಮೋರೆಯ ನೆಲಕ್ಕೆ ತಿರುಗುಸಿ.

ಹೊಸ ಮನೆ ಕಟ್ಟುಸುವವು ನಿಂಗಳಲ್ಲಿ ಆರಾದರೂ ಇದ್ದರೆ ಮೇಸ್ತ್ರಿಯ ಹತ್ರೆ ಮದಲೇ ಹೇಳಿ ಮಡುಗಿ. ಮಕ್ಕೊ ಒರಗುವ ಕೋಣೆಗೆ ಪಡು ಹೊಡೆಲಿ ದೊಡ್ಡ ಕನ್ನಾಟಿ ಬೇಡ, ಪೂರ್ತಿ ತೆಗವಲೆ ಎಡಿವ ಬಾಗಿಲಿನ ಕಿಟಿಕಿ ಬೇಕು, ಮೇಗೆ ಎರಡು ಫೀಟು ಸನ್‌ಶೇಡ್ ಇರಲಿ. ಗೋಡೆ ಏಳುವ ಮದಲು ಹೇಳಿರೆ ಸುಲಾಬ, ಮತ್ತೆ ಹೇಳಿರೆ ಪರದೆ ಅಂಗಡಿಯೇ ಗತಿ.